ಮಾರುವ ಮುಂಚೆ ಮನೆಗೆ ಏನು ಮಾಡಿಸಬೇಕು?

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮದು 20 ವರ್ಷದ ಹಳೇ ಆರ್‌ಸಿಸಿ ಮನೆ, 1,200 ಚದರಡಿ. ಮುಂದಿನ ವರ್ಷ ಮಾರುವ ಯೋಚನೆ ಇದೆ. ಪಡುವಣ ಗೋಡೆಯಲ್ಲಿ ಮಳೆಗಾಲ ಪೂರ್ತಿ ತೇವ, ಟೆರೇಸ್ ಒಂದು ಮೂಲೆಯಲ್ಲಿ ಸೋರುತ್ತದೆ, ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದೆ. ಆರು ಲಕ್ಷದಲ್ಲಿ ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಪೇಂಟ್ ಮಾಡಿಸಿದರೆ ಬೆಲೆ ಏರುತ್ತದೆಯೇ ಸರ್?

ಉತ್ತರ (ಸಿವಿಲ್ ಎಂಜಿನಿಯರ್): ಫಾಲ್ಸ್ ಸೀಲಿಂಗ್ ಬಿಡಿ ಸರ್. ಜಿಪ್ಸಮ್ ಶೀಟ್ ಈ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಸೋರಿಕೆ ಮುಚ್ಚಿಡಲು ಹಾಕಿಸಿದ್ದೀರಿ ಎಂಬ ಅನುಮಾನವೂ ಬರುತ್ತದೆ. ಕೊಡಗಿನಲ್ಲಿ ಮನೆ ನೋಡಲು ಬಂದವರ ಕಣ್ಣು ಮೊದಲು ಗೋಡೆಯ ಕಲೆಗೆ, ಆಮೇಲೆ ಹಿಂದಿನ ಬರೆಗೆ ಹೋಗುತ್ತದೆ. 2018ರ ಆಗಸ್ಟ್‌ನ ಭೂಕುಸಿತವನ್ನು ಯಾರೂ ಮರೆತಿಲ್ಲ. ನಿಮ್ಮ ದುಡ್ಡು ಮೊದಲು ಟೆರೇಸ್ ಮತ್ತು ನೀರಿನ ದಾರಿಗೆ ಹೋಗಲಿ.

ಟೆರೇಸ್ ಮೇಲೆ ಕಬ್ಬಿಣದ ಟ್ರಸ್ (ಶೀಟ್ ಹೊರುವ ಚೌಕಟ್ಟು) ನಿಲ್ಲಿಸಿ 0.5 ಎಂಎಂ ಕಲರ್ ಕೋಟೆಡ್ ಶೀಟ್ ಹಾಕಿಸಿ. ಇಳಿಜಾರು 4 ಅಡಿಗೆ 1 ಅಡಿಯಾದರೂ ಇರಲಿ, ಪಡುವಣಕ್ಕೆ 3 ಅಡಿ ಹೊರಚಾಚಲಿ. ಶೀಟ್ ಹೊದಿಸುವುದನ್ನು ಗಾಳಿ ಬರುವ ದಿಕ್ಕಿನ ಎದುರು ತುದಿಯಿಂದ ಶುರು ಮಾಡಿಸಿ. ಆಗ ಒಂದರ ಮೇಲೊಂದು ಕೂತ ಅಂಚು ಗಾಳಿಗೆ ಬೆನ್ನು ಹಾಕಿರುತ್ತದೆ, ಮಳೆನೀರು ಒಳಗೆ ನುಗ್ಗುವುದಿಲ್ಲ. ಸ್ಕ್ರೂ ಶೀಟಿನ ಉಬ್ಬಿನ ಮೇಲೇ ಬೀಳಲಿ. ರಬ್ಬರ್ ವಾಷರ್ ಚಪ್ಪಟೆಯಾಗಿ ಅಂಚಿಂದ ಹೊರಬರುವಷ್ಟು ಬಿಗಿದರೆ ಅದು ಬೇಗ ಸೀಳುತ್ತದೆ, ಸೋರಿಕೆ ಅಲ್ಲಿಂದಲೇ ಶುರು.

ಗೋಡೆಗೆ ಒಳಗಿಂದ ಪೇಂಟ್ ಹೊಡೆಸಿ ಪ್ರಯೋಜನವಿಲ್ಲ. ನೀರು ಬರುತ್ತಿರುವುದು ಹೊರಗಿನ ಪ್ಲಾಸ್ಟರ್ ಬಿರುಕಿನಿಂದ. ಅದು ಒಳಗಿನ ಪುಟ್ಟಿಯನ್ನು ಹಿಂದಿನಿಂದ ತಳ್ಳಿ ಉದುರಿಸುತ್ತದೆ. ಬಿರುಕನ್ನು ವಿ ಆಕಾರಕ್ಕೆ ಕೊರೆದು ಪಾಲಿಮರ್ ಗಾರೆ ತುಂಬಿಸಿ. ಸಜ್ಜಾದ ಅಡಿಯಲ್ಲಿ ಅಂಚಿನುದ್ದಕ್ಕೂ ಅರ್ಧ ಇಂಚಿನ ಗೀರು ಹೊಡೆಸಿದರೆ ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಇಷ್ಟಾಗಿ ಗೋಡೆ ಒಣಗಿದ ಮೇಲೆ, ಜನವರಿಯಿಂದ ಮಾರ್ಚ್ ಒಳಗೆ ಪೇಂಟ್. ಒಣಗಿದೆಯೇ ಎಂದು ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಅಂಟಿಸಿ. ಮರುದಿನ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಕಾಯಿರಿ.

ಪ್ರಶ್ನೆ: ಬರೆಗೆ ಕಲ್ಲಿನ ತಡೆಗೋಡೆ ಇದೆ, ಆದರೆ ಮಧ್ಯದಲ್ಲಿ ಸ್ವಲ್ಪ ಉಬ್ಬಿದೆ.

ಉತ್ತರ (ಸಿವಿಲ್ ಎಂಜಿನಿಯರ್): ಉಬ್ಬಿದೆ ಎಂದರೆ ಹಿಂದೆ ನೀರು ನಿಂತು ತಳ್ಳುತ್ತಿರಬಹುದು. ಮೇಲೆ ಪ್ಲಾಸ್ಟರ್ ಮಾಡಿಸಬೇಡಿ, ನೀರು ಹೊರಬರಲು ಇರುವ ಕಿಂಡಿಗಳೂ ಮುಚ್ಚಿಹೋಗುತ್ತವೆ. ಎಂಜಿನಿಯರ್ ಸ್ಥಳಕ್ಕೆ ಬಂದು ನೋಡಲೇಬೇಕು. ಹೊಸದಾಗಿ ಕಟ್ಟುವುದಾದರೆ 3 ಇಂಚಿನ ಪೈಪು 4-5 ಅಡಿಗೊಂದು, ಹೊರಗಡೆಗೆ ಸ್ವಲ್ಪ ವಾಟ ಕೊಟ್ಟು ಇಡಿಸಿ. ಗೋಡೆಯ ಹಿಂದೆ ಒಂದಡಿ ದಪ್ಪ ಜಲ್ಲಿ ಬೇಕು. ಬರೆಯ ಮೇಲ್ಗಡೆ ಒಂದು ಚರಂಡಿ ತೆಗೆದು ತೋಟದ ನೀರನ್ನು ಪಕ್ಕಕ್ಕೆ ತಿರುಗಿಸಿ. ಇದೊಂದೇ ಕೆಲಸದಿಂದ ಗೋಡೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ.

ಪ್ರಶ್ನೆ: ಹಾಗಾದರೆ ಅಡುಗೆಮನೆ ಮುಟ್ಟುವುದೇ ಬೇಡವೇ?

ಉತ್ತರ (ಇಂಟೀರಿಯರ್ ಕಂಟ್ರಾಕ್ಟರ್): ಮುಟ್ಟಿ, ಆದರೆ ಅಲ್ಪಕ್ಕೆ. ಕಪಾಟಿನ ಬಾಗಿಲು, ಸಿಂಕ್, ಎಕ್ಸಾಸ್ಟ್ ಫ್ಯಾನ್ ಬದಲಿಸಿದರೆ ಸಾಕು. ಪ್ಲೈವುಡ್ ಮೇಲೆ ಐಎಸ್ 710 (ನೀರು ತಡೆಯುವ ಮರೈನ್ ಪ್ಲೈವುಡ್‌ನ ಗುಣಮಟ್ಟ) ಮುದ್ರೆ ನೋಡಿ ಕೊಳ್ಳಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಒಂದೆರಡು ಮಳೆಗಾಲದಲ್ಲಿ ಅಂಚು ಊದಿಕೊಳ್ಳುತ್ತದೆ. ಬಚ್ಚಲಿನ ಟೈಲ್ಸ್ ಕೀಳಿಸುವ ಮೊದಲು ಹೊರಹೋಗುವ ಕಿಂಡಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ. ಆಚೆ ಗೋಡೆ ತೇವವಾಗದಿದ್ದರೆ ಸಂದಿಗೆ ಹೊಸ ಗ್ರೌಟ್ ಸಾಕು.

ಉತ್ತರ (ಸಿವಿಲ್ ಎಂಜಿನಿಯರ್): ಒಂದು ಮಾತು ಸೇರಿಸುತ್ತೇನೆ. ಟೆರೇಸ್ ಮೇಲಿನ ಶೀಟ್ ಕೆಳಗೆ ಗೋಡೆ ಕಟ್ಟಿ ರೂಮು ಮಾಡಿಸಿದರೆ ನಕ್ಷೆಗೂ ಮನೆಗೂ ತಾಳೆಯಾಗದೆ, ಕೊಳ್ಳುವವರ ಬ್ಯಾಂಕ್ ಸಾಲಕ್ಕೆ ತಕರಾರು ಬರುತ್ತದೆ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿ ದಾಖಲೆ) ಫಾರಂ 9, 11ಎ, ಭೂಪರಿವರ್ತನೆ ಆದೇಶ, ಇಸಿ (ಋಣಭಾರ ಪ್ರಮಾಣಪತ್ರ) ಈಗಲೇ ತೆಗೆದಿಡಿ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗವಾದರೆ ಕೆಲಸ ಶುರು ಮಾಡುವ ಮೊದಲೇ ವಕೀಲರಿಗೆ ತೋರಿಸಿ. ತಡೆಗೋಡೆಯ ಹಿಂದೆ ಜಲ್ಲಿ ತುಂಬುವಾಗ, ಬಿರುಕು ಕೊರೆದಾಗ ಫೋಟೋ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ, ಮುಚ್ಚಿದ ಮೇಲೆ ತೋರಿಸಲು ಬೇರೆ ಸಾಕ್ಷಿ ಇರುವುದಿಲ್ಲ.