ಮಳೆಗಾಲದಲ್ಲಿ ರನ್ನಿಂಗ್ ಶೂ ತೊಳೆಯುವುದು ಹೇಗೆ? ಕೆಂಪು ಮಣ್ಣು, ವಾಸನೆ, ಒಣಗದ ಗೋಳು

ಹೆಬ್ಬಾಳ_ಓಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬೆಳಿಗ್ಗೆ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್) ಒಳಗಿನ ಮಣ್ಣು ದಾರಿಯಲ್ಲಿ ಓಡುವವನು. ಬೇಸಿಗೆಯಲ್ಲಿ ಬರೀ ಧೂಳು, ಎರಡೂ ಶೂ ಒಂದಕ್ಕೊಂದು ಬಡಿದು ಇಟ್ಟರೆ ಆಯಿತು. ಮಳೆ ಹಿಡಿದ ಮೇಲೆ ಕಥೆಯೇ ಬೇರೆ. ಬಿಳಿ ಮೆಶ್ (ಬಲೆಯಂಥ ಬಟ್ಟೆ) ಶೂ ಹಾಕಿಕೊಂಡು ಹೋದರೆ ವಾಪಸ್ ಬರುವಾಗ ಇಟ್ಟಿಗೆ ಬಣ್ಣ. ಸೋಲಿನ ಸಂದಿಯಲ್ಲೆಲ್ಲ ಮಣ್ಣು ಮೆತ್ತಿಕೊಂಡು ಕಾಲು ಎತ್ತುವುದೇ ಭಾರ. ವಾಸನೆ ಬಗ್ಗೆ ಹೇಳುವುದೇ ಬೇಡ, ರೂಮ್‌ಮೇಟ್ ನನ್ನ ಶೂಗಳನ್ನು ಬಾಗಿಲಾಚೆ ಗಡಿಪಾರು ಮಾಡಿದ್ದಾನೆ.

ಸಲಹೆಗೆ ಬರ ಇಲ್ಲ. ಅದೇ ರೂಮ್‌ಮೇಟ್ "ಮೆಷಿನ್‌ಗೆ ಹಾಕು, ಪಳಪಳ ಅನ್ನುತ್ತೆ" ಅನ್ನುತ್ತಾನೆ. ಅಮ್ಮ ಊರಿಂದ ಫೋನಿನಲ್ಲೇ "ಅಂಟುವಾಳ ನೆನೆಸಿ ಉಜ್ಜೋ" ಅನ್ನುತ್ತಾರೆ. ಆಫೀಸಿನಲ್ಲಿ ಒಬ್ಬರು ಫ್ರೀಜರಿನಲ್ಲಿಟ್ಟರೆ ವಾಸನೆ ಹೋಗುತ್ತದೆ ಅಂದರು (ಬಟಾಣಿ ಪ್ಯಾಕೆಟ್ ಪಕ್ಕದಲ್ಲಾ?). ಶೂ ಅಂಗಡಿಯವರು ನೀರೇ ಮುಟ್ಟಿಸಬೇಡಿ ಅಂದರು. ಯಾರ ಮಾತು ಕೇಳಲಿ? ಇನ್ನೊಂದು ವಿಷಯ, ನಮ್ಮ ಬಿಲ್ಡಿಂಗ್‌ನಲ್ಲಿ ಬೋರ್‌ವೆಲ್ ನೀರು. ತೊಳೆದು ಒಣಗಿದ ಮೇಲೆ ಮೆಶ್ ಮೇಲೆ ಬಿಳಿ ಬಿಳಿ ಗೆರೆ ಮೂಡುತ್ತದೆ, ಅಂಚಿನಲ್ಲಿ ಹಳದಿ. ಬಿಸಿಲಂತೂ ದಿನಕ್ಕೆ ಅರ್ಧ ಗಂಟೆ ಬಂದರೆ ಹೆಚ್ಚು. ಗೊತ್ತಿರುವವರು ದಯವಿಟ್ಟು ಹೇಳಿ.

ಕಬ್ಬನ್‌ಪಾರ್ಕ್_ಖಾಯಂ:

ಗುರುಗಳೇ, ಮೊದಲು ಒಂದು ಮಾತು. ಹಸಿ ಮಣ್ಣು ಇರುವಾಗ ನೀರು ಹಾಕಬೇಡಿ. ಬಂದ ತಕ್ಷಣ ನಲ್ಲಿ ಕೆಳಗೆ ಹಿಡಿಯುವುದು ಎಲ್ಲರ ಅಭ್ಯಾಸ, ಬಿಳಿ ಶೂ ಕೆಡುವುದೇ ಅಲ್ಲಿ. ನಮ್ಮ ಕೆಂಪು ಮಣ್ಣಿನ ಪುಡಿ ಬಹಳ ನಯ, ನೀರು ಬಿದ್ದರೆ ತೆಳ್ಳಗಾಗಿ ಮೆಶ್ಶಿನ ನೂಲಿನೊಳಗೇ ಇಳಿದು ಕೂರುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಗುಲಾಬಿ ಛಾಯೆ ಉಳಿದುಬಿಡುತ್ತದೆ. ಅದರ ಬದಲು ಶೂ ಒಳಗೆ ಪೇಪರ್ ತುರುಕಿ ಹಾಗೇ ಬಿಡಿ. ಮಣ್ಣು ಪೂರ್ತಿ ಒಣಗಿ ಬಿರುಕು ಬಿಡಲಿ. ಆಗ ಎರಡೂ ಸೋಲು ಸೇರಿಸಿ ಬಡಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸಂದಿಯಲ್ಲಿ ಉಳಿದದ್ದನ್ನು ಐಸ್‌ಕ್ರೀಂ ಕಡ್ಡಿಯಲ್ಲಿ ಎಬ್ಬಿಸಿ. ಮೆಶ್ ಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ, ಒಣ ಬ್ರಷ್‌ನಿಂದಲೇ, ಮೆತ್ತಗೆ ಕೊಡವಿ. ಮುಕ್ಕಾಲು ಕೆಲಸ ನೀರಿಲ್ಲದೆ ಮುಗಿಯುತ್ತದೆ.

ಆಮೇಲೆ ಲೇಸ್ ಬಿಚ್ಚಿ, ಇನ್‌ಸೋಲ್ (ಅಂಗಾಲಿನ ಕೆಳಗಿನ ಒಳಪದರ) ತೆಗೆಯಿರಿ. ಲೇಸ್ ಒಂದು ಮಗ್ಗಿನಲ್ಲಿ ಸೋಪು ನೀರಿಗೆ ಹಾಕಿಡಿ, ಅದರ ಪಾಡಿಗೆ ಅದು ಇರಲಿ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ. ಬ್ರಷ್ ಅದ್ದಿ, ಶೂ ಅದ್ದಬೇಡಿ. ಎಲ್ಲಾ ಅಲ್ಲೇ ಇರುವುದು. ಬಕೆಟ್‌ನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಮೇಲಿನ ಕೊಳೆ ಹೋಗುತ್ತದೆ ನಿಜ, ಆದರೆ ಒಳಗಿನ ಸ್ಪಂಜು ಪ್ಯಾಡಿಂಗ್ ನೀರು ಕುಡಿದು ಕೂರುತ್ತದೆ, ಈ ಹವೆಯಲ್ಲಿ ಅದು ಬೇಗ ಒಣಗುವುದಿಲ್ಲ. ಸಣ್ಣ ಭಾಗ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಂದಿನ ಭಾಗಕ್ಕೆ ಹೋಗಿ. ಪಕ್ಕದ ಬಿಳಿ ರಬ್ಬರಿಗೆ ಹಲ್ಲುಜ್ಜುವ ಬಿಳಿ ಪೇಸ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ. ತೆಂಗಿನ ನಾರು, ಪಾತ್ರೆ ಉಜ್ಜುವ ಸ್ಟೀಲ್ ಜುಂಗು ಮೆಶ್ ಹತ್ತಿರ ಸುಳಿಯಬಾರದು, ನೂಲು ಎದ್ದು ತೂತು ಬೀಳುತ್ತದೆ. ನಾರನ್ನು ಸೋಲಿನ ಅಡಿಗೆ ಬೇಕಾದರೆ ಬಳಸಿ.

ಮೆಷಿನ್ ಬೇಡ. ರನ್ನಿಂಗ್ ಶೂಗೆ ಸೋಲು ಹೊಲಿದಿರುವುದಿಲ್ಲ, ಪದರ ಪದರವಾಗಿ ಅಂಟಿಸಿರುತ್ತಾರೆ. ಮಿಡ್‌ಸೋಲ್, ಅಂದರೆ ನಡುವಿನ ಮೆತ್ತನೆ ಪದರ, ಬಹಳಷ್ಟು ಶೂಗಳಲ್ಲಿ ಇವಿಎ ಎಂಬ ಫೋಮ್. ಅಂಟಿಗೂ ಫೋಮಿಗೂ ಬಿಸಿ ಆಗಿಬರುವುದಿಲ್ಲ. ಬಿಸಿ ನೀರು, ಡ್ರಮ್ಮಿನಲ್ಲಿ ಧಡಧಡ ಬೀಳುವುದು, ಆಮೇಲೆ ಡ್ರೈಯರ್, ಮೂರೂ ಸೇರಿದರೆ ಅಂಚಿನಲ್ಲಿ ಬಾಯಿ ಬಿಡುತ್ತದೆ. ಶೂ ಮಾಡುವ ಹೆಚ್ಚಿನ ಕಂಪನಿಗಳೇ ಕೈಯಲ್ಲಿ ತೊಳೆಯಿರಿ, ಗಾಳಿಗೆ ಒಣಗಿಸಿ ಅನ್ನುತ್ತವೆ.

ಅಮ್ಮನ ಅಂಟುವಾಳಕ್ಕೆ ನನ್ನ ತಕರಾರಿಲ್ಲ. ಬಟ್ಟೆಗೆ ಬಹಳ ಮೃದು. ಆದರೆ ಅದರ ನೀರು ಕಂದು ಬಣ್ಣ, ಬಿಳಿ ಶೂಗೆ ಬೇಡ. ಕಪ್ಪು ಶೂ ಇದ್ದರೆ ಧಾರಾಳವಾಗಿ ಉಜ್ಜಿ, ಅಮ್ಮನಿಗೂ ಖುಷಿ.

ಜಿಮ್_ಟು_ಮನೆ:

ಸುಮ್ನೆ ಹೆದರಿಸಬೇಡಿ ಸಾರ್. ನಾನು ಮೊದಲಿನಿಂದಲೂ ಮೆಷಿನ್ನಿಗೇ ಹಾಕುವುದು. ತಣ್ಣೀರು, ಡೆಲಿಕೇಟ್ ಮೋಡ್, ಶೂ ಒಂದು ದಿಂಬಿನ ಕವರಿನೊಳಗೆ, ಜೊತೆಗೆ ಎರಡು ಹಳೇ ಟವೆಲ್. ಸ್ಪಿನ್ ಆಫ್. ಏನೂ ಆಗಿಲ್ಲ. ಕೆಲಸದಿಂದ ಬಂದು ಬ್ರಷ್ ಹಿಡಿದು ಕೂರಲು ಯಾರಿಗೆ ಟೈಮ್ ಇದೆ?

ಕಬ್ಬನ್‌ಪಾರ್ಕ್_ಖಾಯಂ:

ನಿಮ್ಮದು ಟ್ರೆಡ್‌ಮಿಲ್ ಶೂ, ಬೆವರು ಬಿಟ್ಟರೆ ಕೊಳೆ ಎಲ್ಲಿದೆ? ಅವರದು ಜಿಕೆವಿಕೆ ಮಣ್ಣು. ಸೋಲಿನ ಸಂದಿಯ ಸಣ್ಣ ಕಲ್ಲು ಬಿಚ್ಚಿಕೊಂಡು ಮೆಷಿನ್ನಿನ ಡ್ರೈನ್ ಪಂಪಿಗೆ ಸಿಕ್ಕಿಕೊಂಡರೆ ರಿಪೇರಿಯವರಿಗೆ ಕೊಡುವ ದುಡ್ಡಿನಲ್ಲಿ ಹೊಸ ಇನ್‌ಸೋಲ್ ಬರುತ್ತದೆ. ಆದರೂ ಒಪ್ಪುತ್ತೇನೆ, ನೀವು ಹೇಳಿದ ಹಾಗೆ ತಣ್ಣೀರು, ಸ್ಪಿನ್ ಇಲ್ಲದೆ ಅಪರೂಪಕ್ಕೊಮ್ಮೆ ಹಾಕಿದರೆ ಶೂ ಸಾಯುವುದಿಲ್ಲ. ಪ್ರತಿ ವಾರ ಬೇಡ ಅಷ್ಟೇ. ಒಳಗೆ ಕಾರ್ಬನ್ ಪ್ಲೇಟ್ ಇರುವ ದುಬಾರಿ ರೇಸ್ ಶೂ ಅಂತೂ ಬೇಡವೇ ಬೇಡ.

ಕುಡ್ಲದ_ಮಳೆ:

ಬೆಂಗಳೂರಿನವರು ಮಳೆ ಮಳೆ ಅಂತ ಅಳುವುದು ನೋಡಿದರೆ ನಗು ಬರುತ್ತದೆ ಮಾರಾಯ್ರೆ. ನಮ್ಮ ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ತೂಗುಹಾಕಿದ ಟವೆಲ್ ಕೂಡ ಒಣಗುವುದಿಲ್ಲ, ಕಪಾಟಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಹಾಗಾಗಿ ತೊಳೆಯುವ ವಿಷಯ ಮೇಲಿನವರಿಗೆ ಬಿಟ್ಟೆ, ಒಣಗಿಸುವುದು ನನ್ನಿಂದ ಕೇಳಿ. ನನ್ನ ಪ್ರಕಾರ ಶೂ ಹಾಳಾಗುವುದು ಕೊಳೆಯಿಂದ ಅಲ್ಲ, ಒಳಗೆ ನಿಂತ ತೇವದಿಂದ.

ಬೆವರಿಗೆ ಅಂಥಾ ವಾಸನೆ ಇರುವುದಿಲ್ಲ. ಅಂಗಾಲಿನ ಬ್ಯಾಕ್ಟೀರಿಯಾ ಬೆವರಿನಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ತಿಂದು ಐಸೋವಲೆರಿಕ್ ಆಮ್ಲ ಮಾಡುತ್ತವೆ. ಆ ಗಬ್ಬು ಅದರದು. ಕೆಲವು ಚೀಸ್‌ಗಳ ವಾಸನೆಯೂ ಅದೇ, ಫಾರಿನ್ನಿನವರು ದುಡ್ಡು ಕೊಟ್ಟು ತಿನ್ನುತ್ತಾರೆ. ಅದಕ್ಕೇ ಸೆಂಟ್ ಹೊಡೆದರೆ ಪ್ರಯೋಜನ ಇಲ್ಲ, ಗಬ್ಬಿನ ಮೇಲೆ ಮಲ್ಲಿಗೆ ಅಷ್ಟೇ. ಫ್ರೀಜರ್ ಕೂಡ ಹಾಗೇ. ಚಳಿಗೆ ಬ್ಯಾಕ್ಟೀರಿಯಾ ಸುಮ್ಮನಾಗುತ್ತವೆ, ಹೆಚ್ಚಿನವು ಸಾಯುವುದಿಲ್ಲ. ಕಾಲಿನ ಬಿಸಿ ಸಿಕ್ಕಿದ ಕೂಡಲೇ ಮತ್ತೆ ಶುರು. ಬಟಾಣಿಯನ್ನು ನೆಮ್ಮದಿಯಿಂದ ಇರಲು ಬಿಡಿ.

ಓಡಿ ಬಂದ ಕೂಡಲೇ ಲೇಸ್ ಪೂರ್ತಿ ಸಡಿಲಿಸಿ, ನಾಲಿಗೆ ಹೊರಗೆಳೆದು, ಇನ್‌ಸೋಲ್ ಕಿತ್ತು ಬೇರೆ ಇಡಿ. ಇದೊಂದು ಮಾಡಿದರೂ ಅರ್ಧ ವಾಸನೆ ಕಡಿಮೆಯಾಗುತ್ತದೆ. ನ್ಯೂಸ್ ಪೇಪರ್ ಉಂಡೆ ಮಾಡಿ ಬೆರಳಿನ ತುದಿಯವರೆಗೂ ತುರುಕಿ. ಒಂದು ಗಂಟೆ ಬಿಟ್ಟು ತೆಗೆದು ನೋಡಿ, ಪೇಪರ್ ಮೆತ್ತಗಾಗಿ ಕೈಗೆ ತಣ್ಣಗೆ ಹತ್ತುತ್ತದೆ. ಆ ಪೇಪರ್ ಬಿಸಾಡಿ ಹೊಸದು ಹಾಕಿ. ಬಹಳ ಜನ ಮಾಡುವ ತಪ್ಪು ಅಂದರೆ ಅದೇ ಒದ್ದೆ ಪೇಪರನ್ನು ಬೆಳಗಿನ ತನಕ ಬಿಡುವುದು, ಆಗ ಅದು ತೇವವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಒಳಗಿನ ಬಟ್ಟೆ ಬಿಳಿ ಇದ್ದರೆ ನ್ಯೂಸ್ ಪೇಪರಿನ ಶಾಯಿ ಹತ್ತಬಹುದು, ಟಿಶ್ಯೂ ಬಳಸಿ.

ಆಮೇಲೆ ಫ್ಯಾನ್. ಟೇಬಲ್ ಫ್ಯಾನ್ ನೆಲದ ಮೇಲಿಟ್ಟು, ಶೂವಿನ ಬಾಯಿ ಫ್ಯಾನಿಗೆ ಎದುರಾಗಿ, ಹಿಮ್ಮಡಿ ಗೋಡೆಗೆ ಒರಗಿಸಿ ಓರೆಯಾಗಿ ನಿಲ್ಲಿಸಿ. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆ ಗಾಳಿ ಮಾತ್ರ. ಒಣಗಿದ ಮೇಲೆ ಹಳೇ ಸಾಕ್ಸಿಗೆ ಎರಡು ಮೂರು ಚಮಚ ಅಡುಗೆ ಸೋಡಾ ಹಾಕಿ ಗಂಟು ಕಟ್ಟಿ ಒಳಗಿಟ್ಟರೆ ಉಳಿದ ಹುಳಿ ವಾಸನೆ ಎಳೆಯುತ್ತದೆ. ನೇರ ಸುರಿಯಬೇಡಿ, ಸಂದಿಯಲ್ಲಿ ಉಳಿದು ಕಾಲು ತುರಿಸುತ್ತದೆ.

ಆದರೆ ದಿನಾ ಓಡುವವರಿಗೆ ನಿಜವಾದ ಪರಿಹಾರ ಎರಡು ಜೊತೆ ಶೂ. ಇವತ್ತಿನದು ಒಣಗುವಾಗ ನಾಳೆ ಇನ್ನೊಂದು. ಖರ್ಚು ಡಬಲ್ ಅಲ್ಲ, ಎರಡೂ ಜಾಸ್ತಿ ದಿನ ಬರುತ್ತವೆ. ತಣ್ಣೀರುಬಾವಿ ಬೀಚಿನಲ್ಲಿ ಓಡುವವರು ಯಾರಾದರೂ ಇದ್ದರೆ ಒಂದು ಮಾತು: ಉಪ್ಪು ನೀರು ತಾಗಿದ ಶೂವನ್ನು ಮಾತ್ರ ಸಿಹಿ ನೀರಿನಲ್ಲಿ ಚೆನ್ನಾಗಿ ಜಾಲಾಡಿಯೇ ಒಣಗಿಸಿ. ಉಪ್ಪು ಉಳಿದರೆ ಗಾಳಿಯ ತೇವ ಎಳೆದುಕೊಂಡು ಯಾವಾಗಲೂ ಥಂಡಿ.

ಟೀಚರಮ್ಮ_ಓಡ್ತಾರೆ:

ಬೋರ್‌ವೆಲ್ ನೀರಿನ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಕೆಮಿಸ್ಟ್ರಿ ಹೇಳಿಕೊಡುವವಳು ನಾನು, ಸ್ವಲ್ಪ ಪಾಠ ಸಹಿಸಿಕೊಳ್ಳಿ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬಟ್ಟೆ ಸೋಪಿನ ಬಾರ್ ಉಜ್ಜಿದರೆ ನೊರೆ ಬರುವ ಮೊದಲೇ ಸೋಪು ಅವುಗಳ ಜೊತೆ ಸೇರಿ ಕರಗದ ಬಿಳಿ ಗಷ್ಟಾಗಿ ನೂಲಿಗೆ ಅಂಟುತ್ತದೆ. ನಿಮ್ಮ ಬಿಳಿ ಗೆರೆಯಲ್ಲಿ ಇದೂ ಇದೆ, ನೀರು ಆರಿದ ಮೇಲೆ ಉಳಿಯುವ ಲವಣವೂ ಇದೆ. ಪಾತ್ರೆ ಲಿಕ್ವಿಡ್ ಡಿಟರ್ಜೆಂಟ್ ಆದ್ದರಿಂದ ಹಾಗೆ ಗಷ್ಟು ಕಟ್ಟುವುದಿಲ್ಲ. ಅಂದರೆ ಮೇಲೆ ಹೇಳಿದ್ದು ಸರಿ. ಇಡೀ ಶೂ ಕಾವೇರಿ ನೀರಿನಲ್ಲಿ ತೊಳೆಯಬೇಕಿಲ್ಲ, ಕೊನೆಯ ಒರೆಸು ಮಾತ್ರ ಕುಡಿಯುವ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮಾಡಿ, ಒಂದು ಲೋಟ ಸಾಕು. ಆರ್‌ಒ ಮೆಷಿನ್‌ನಿಂದ ಹೊರಗೆ ಹೋಗುವ ವೇಸ್ಟ್ ನೀರು ಬಳಸಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು.

ಅಂಚಿನ ಹಳದಿಗೆ ಕಾರಣ ಬೇರೆ. ಶೂ ಒಣಗುವಾಗ ಒಳಗಿನ ನೀರು ಮೇಲಕ್ಕೆ ಬಂದು ಆರುತ್ತದೆ. ಬರುವಾಗ ಉಳಿದ ಸೋಪು, ಕೊಳೆ ಎಲ್ಲ ಜೊತೆಗೆ ಎಳೆದುಕೊಂಡು ಬಂದು ಅಂಚಿನಲ್ಲಿ ಬಿಟ್ಟುಹೋಗುತ್ತದೆ. ಒದ್ದೆ ಶೂ ಮೇಲೆ ಬಿಳಿ ಟಿಶ್ಯೂ ಪೇಪರನ್ನು ಮೆಶ್ಶಿಗೆ ಅಂಟುವ ಹಾಗೆ ಸುತ್ತಿ ಒಣಗಿಸಿ ನೋಡಿ. ಹಳದಿ ಟಿಶ್ಯೂಗೆ ಬಂದು ನಿಲ್ಲುತ್ತದೆ. ಮಾರನೇ ದಿನ ಆ ಪೇಪರ್ ಬಿಡಿಸಿದಾಗ ಕಂದು ಗೆರೆ ಎದ್ದು ಕಾಣುತ್ತದೆ, ಶೂ ಬೆಳ್ಳಗಿರುತ್ತದೆ.

ಕೆಂಪು ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡ್‌ನದು. ಬ್ಲೀಚ್ ಅದನ್ನು ತೆಗೆಯುವುದಿಲ್ಲ, ಕಲೆ ಇನ್ನೂ ಗಟ್ಟಿಯಾಗಿ ಕೂರಬಹುದು, ಜೊತೆಗೆ ಬಟ್ಟೆಯೂ ಹಳದಿಗೆ ತಿರುಗಬಹುದು. ಉಳಿದ ಕಲೆಗೆ ನಿಂಬೆ ರಸ ಹಚ್ಚಿ ಹದಿನೈದು ನಿಮಿಷ ಬಿಟ್ಟು ಒರೆಸಿ, ತಿಳಿಯಾಗುತ್ತದೆ. ಬಣ್ಣದ ಶೂ ಆದರೆ ಮೊದಲು ನಾಲಿಗೆಯ ಒಳಬದಿಯಲ್ಲಿ ಪರೀಕ್ಷೆ ಮಾಡಿ. ಬ್ಲೀಚ್ ಜೊತೆ ನಿಂಬೆ ಅಥವಾ ವಿನೆಗರ್ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಬಚ್ಚಲುಮನೆ ಬಾಗಿಲು ಹಾಕಿಕೊಂಡು ಈ ಪ್ರಯೋಗ ಮಾಡುವವರೂ ಇದ್ದಾರೆ, ಅದಕ್ಕೇ ಹೇಳಿದ್ದು.

ಕೊಪ್ಪದ_ಅಕ್ಕ:

ಮಲೆನಾಡಿನವರು ಯಾರಾದರೂ ಓದುತ್ತಿದ್ದರೆ: ಬಚ್ಚಲ ಒಲೆ ಮೇಲೆ ಶೂ ಒಣಗಿಸುವ ಆಸೆ ಬೇಡ. ಕಂಬಳಿ, ಯೂನಿಫಾರ್ಮ್ ಎಲ್ಲ ಅಲ್ಲೇ ಒಣಗುತ್ತದೆ, ಶೂ ಯಾಕೆ ಬೇಡ ಅಂತ ನಮ್ಮನೆಯಲ್ಲೂ ವಾದ ಆಗುತ್ತದೆ. ಹಂಡೆ ಬಿಸಿಗೆ ಫೋಮ್ ಗಟ್ಟಿಯಾಗಿ ಕುಗ್ಗುತ್ತದೆ, ಹೊಗೆ ವಾಸನೆ ಬೋನಸ್. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಡುವುದೂ ಅಷ್ಟೇ.

ಇನ್ನೊಂದು, ಹೆಬ್ಬಾಳದ ತಮ್ಮಾ, ನಿನ್ನ ಶೂ ಬಾಗಿಲಾಚೆ ಇದೆ ಅಂದೆಯಲ್ಲ. ಮಳೆಗಾಲದಲ್ಲಿ ಹೊರಗಿಟ್ಟ ಶೂವನ್ನು ತಲೆಕೆಳಗು ಮಾಡಿ ಬಡಿಯದೆ ಕಾಲು ಹಾಕಬೇಡ. ನಮ್ಮ ಕಡೆ ಕಪ್ಪೆ, ಚೇಳು ಮಾಮೂಲು. ಹಾವಿನ ಮರಿಯೂ ಬೆಚ್ಚಗಿರುತ್ತದೆ ಅಂತ ಒಳಗೆ ಸುತ್ತಿಕೊಂಡಿರುತ್ತದೆ. ಬೆಂಗಳೂರಿನಲ್ಲೂ ಶೂ ಒಳಗೆ ಹಾವು ಸಿಕ್ಕಿದ ಸುದ್ದಿ ಬರುತ್ತಲೇ ಇರುತ್ತದಲ್ಲ. ಕೈ ಹಾಕಿ ನೋಡುವುದಲ್ಲ ಮತ್ತೆ, ಕೋಲಿನಿಂದ ಎತ್ತಿ ಕೊಡವು.

ಹೆಬ್ಬಾಳ_ಓಟ:

ಅಕ್ಕಾ, ನಾಳೆಯಿಂದಲೇ ಶೂ ಒಳಗೆ ಬರುತ್ತದೆ, ರೂಮ್‌ಮೇಟ್ ಬೇಕಾದರೆ ಹೊರಗೆ ಮಲಗಲಿ 😄

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಹೇಳಿದ ಟಿಶ್ಯೂ ಉಪಾಯ ಇವತ್ತೇ ಮಾಡುತ್ತೇನೆ. ಇನ್ನೊಂದೇ ಪ್ರಶ್ನೆ. ಬಲಗಾಲಿನ ಶೂ ಮುಂದೆ, ಹೆಬ್ಬೆರಳಿನ ಹತ್ತಿರ ಸೋಲು ಒಂದು ಉಗುರಿನಷ್ಟು ಬಿಟ್ಟಿದೆ. ಮೂಲೆಯ ಚಪ್ಪಲಿ ರಿಪೇರಿಯವರ ಹತ್ತಿರ ಅಂಟಿಸಿದರೆ ನಿಲ್ಲುತ್ತದಾ, ಅಥವಾ ಶೂ ಆಯುಸ್ಸು ಮುಗಿಯಿತು ಅಂತಲಾ?

ಕಬ್ಬನ್‌ಪಾರ್ಕ್_ಖಾಯಂ:

ಎಷ್ಟು ಓಡಿದ್ದೀರಿ ಅನ್ನುವುದರ ಮೇಲೆ. ರನ್ನಿಂಗ್ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಅನ್ನುತ್ತಾರೆ. ನಿಮ್ಮ ಆ್ಯಪ್‌ನಲ್ಲಿ ಲೆಕ್ಕ ಇರುತ್ತದೆ, ನೋಡಿ. ಅದರೊಳಗಿದ್ದರೆ ಅಂಟಿಸಿ. ರಿಪೇರಿಯವರಿಗೆ ಮೊಳೆ, ಹೊಲಿಗೆ ಬೇಡ, ಬರೀ ಸಲ್ಯೂಷನ್ ಹಾಕಿ ಅಂತ ಮೊದಲೇ ಹೇಳಿ, ಫೋಮಿನಲ್ಲಿ ದಾರ ಎಳೆದರೆ ಅಲ್ಲಿಂದಲೇ ಹರಿಯುತ್ತದೆ. ಕೊಂಡೊಯ್ಯುವ ಮೊದಲು ಶೂ ಪೂರ್ತಿ ಒಣಗಿರಲಿ, ಬಿಟ್ಟ ಜಾಗದ ಮಣ್ಣು ಕೆರೆದು ತೆಗೆದಿರಿ. ತೇವ, ಧೂಳು ಇದ್ದರೆ ಎಂಥಾ ಅಂಟೂ ನಿಲ್ಲುವುದಿಲ್ಲ. ಅವರು ಎರಡೂ ಕಡೆ ಹಚ್ಚಿ ಸ್ವಲ್ಪ ಹೊತ್ತು ಆರಲು ಬಿಟ್ಟು ಆಮೇಲೆ ಒತ್ತುತ್ತಾರೆ. ಅವಸರ ಮಾಡಬೇಡಿ, ಒಂದು ದಿನ ಓಡಬೇಡಿ.

ಮಿಡ್‌ಸೋಲ್ ಪಕ್ಕದಲ್ಲಿ ಅಡ್ಡ ಸುಕ್ಕು ಕಾಣುತ್ತಿದ್ದು, ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿ ಹತ್ತುತ್ತಿದ್ದರೆ ಅಂಟಿಗೆ ದುಡ್ಡು ಹಾಕಬೇಡಿ. ಅದನ್ನು ತರಕಾರಿ ತರಲು, ವಾಕಿಂಗ್‌ಗೆ ಇಟ್ಟುಕೊಳ್ಳಿ, ಓಟಕ್ಕೆ ಹೊಸದು ತಗೊಳ್ಳಿ. ಈ ಸಲ ಬಿಳಿ ಬೇಡ.