ಡಲ್ಸಿಮರ್ ಮೆಟ್ಟಿಲ ಮ್ಯಾಲ ಕಾಫಿ ಎಲ್ಲಿ ಸಿಗ್ತೈತ್ರಿ?

ಕೊಪ್ಪಳದ ಭಜನಿ ಪೇಟಿ: ಅಮೆರಿಕದ ಅಪಲೇಚಿಯನ್ ಡಲ್ಸಿಮರ್ ಸಿಕ್ಕೈತ್ರಿ, ಮೂರು ತಂತಿ ವಾದ್ಯ. ಪೇಟಿ ನುಡಸ್ತೀನಿ, ಥಾಟ್ (ರಾಗಗಳ ಮೂಲ ಸ್ವರಸಾಲು) ಗೊತ್ತು. ಆದ್ರ ಇದಕ್ಕ ಕರಿ ಮನಿನ ಇಲ್ಲ! ‘ಮೋಡ್ (ಸ್ವರಸಾಲು) ಬದಲಿಸಿ’ ಅಂತಾರ. ಹೆಂಗ್ರಿ?

ರಾಯಚೂರಿನಾಂವ: ಪೇಟಿ ನುಡಸ್ತೀರಿ ಅಂದ್ರ ಅರ್ಧ ಕೆಲಸ ಆತ್ರಿ. ಬರೇ ಬಿಳಿ ಮನಿ ಹಿಡೀರಿ. ಸಾ ದಿಂದ ಹೊಂಟ್ರ ಬಿಲಾವಲ್ ಥಾಟ್. ಅವೇ ಮನಿ, ರಿ ನ ಸಾ ಅಂತ ತಿಳಕೊಂಡ್ರ ಕಾಫಿ ಥಾಟ್. ಪ ದಿಂದ ಖಮಾಜ್, ಧ ದಿಂದ ಆಸಾವರಿ. ಡಲ್ಸಿಮರ್‌ದಾಗ ಖುಲ್ಲಾ (ಬೆರಳು ಒತ್ತದ) ತಂತಿಯಿಂದ ಖಮಾಜ್ ಬರ್ತದ, 1ನೇ ಮೆಟ್ಟಿಲಿಂದ (ತಂತಿ ಒತ್ತೋ ಪಟ್ಟಿ) ಆಸಾವರಿ, 3ರಿಂದ ಬಿಲಾವಲ್, 4ರಿಂದ ಕಾಫಿ. ಒಂದೇ ಸಮ ಮೊಳಗೋ ಶ್ರುತಿ ತಂತಿ ಎರಡೂ ಸಾ, ಪ ದಾಗ ಇರ್ಲಿ, ಮುಟ್ಟಬ್ಯಾಡ್ರಿ. ರಾಗ ನುಡಸೋ ಹಾಡೋ ತಂತಿ ಅಷ್ಟ ತಿರುವ್ರಿ. ಕಾಫಿಗೆ ಅದನ್ನ ಮ ಕ್ಕ ಕೂಡಿಸಿದ್ರ 4ನೇ ಮೆಟ್ಟಿಲಿಗೆ ಮ್ಯಾಲಿನ ಸಾ ಸಿಗ್ತದ. ಬಿಲಾವಲ್‌ಗೆ ಪ ಕ್ಕ.

ಬಳ್ಳಾರಿ ವೀಣೆ: ನಮ್ಮ ಕರ್ನಾಟಕ ಸಂಗೀತದ ಕಡೆ ಖಮಾಜ್ ಥಾಟ್ ಅಂದ್ರೆ ಹರಿಕಾಂಭೋಜಿ, ಕಾಫಿ ಅಂದ್ರೆ ಖರಹರಪ್ರಿಯ. ಆರೂವರೆ ಮೆಟ್ಟಿಲು (6, 7ರ ನಡುವಿನದು) ಇದೆಯಾ ನೋಡಿ. ಇದ್ದರೆ ಖುಲ್ಲಾ ತಂತಿ ಸಾ ಇಟ್ಟುಕೊಂಡೇ ಎರಡೂ ನಿಷಾದ (ನಿ) ಸಿಗುತ್ತೆ. ಖಮಾಜ್ ರಾಗಕ್ಕೆ ಏರುವಾಗ ಶುದ್ಧ, ಇಳಿಯುವಾಗ ಕೋಮಲ.

ಕೊಪ್ಪಳದ ಭಜನಿ ಪೇಟಿ: ಐತ್ರಿ! ನನ್ ಹಾಡೋ ತಂತಿ ಈಗ ಮ್ಯಾಲಿನ ಸಾ ಕ್ಕ ಐತಿ. ಮ ಕ್ಕ ಇಳಿಸಿದ್ರ ಸಡ್ಲ ಬೀಳಂಗಿಲ್ಲೇನ್ರಿ?

ರಾಯಚೂರಿನಾಂವ: ಬೀಳ್ತದ. ದಪ್ಪನ ತಂತಿ ಹಾಕ್ರಿ.