ಎಲ್ ನಿನೋ ಬಂದ್ರೆ ಬರ ಗ್ಯಾರಂಟಿನಾ?

ಚಳ್ಳಕೆರೆ ಶೇಂಗಾ: ಟಿವಿಯಲ್ಲಿ ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗೋದು) ಅಂದ ಕೂಡಲೇ ನಮ್ಮೂರಲ್ಲಿ ಬೀಜ ಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. 2015, 2023 ಎರಡೂ ಎಲ್ ನಿನೋ ವರ್ಷ. ಎರಡು ಸಲವೂ ಕರ್ನಾಟಕಕ್ಕೆ ಬರ. ಇನ್ನೇನು ಪುರಾವೆ ಬೇಕು?

ಮಳೆಹುಚ್ಚ: ಹಾಗಾದ್ರೆ 1997 ಎಲ್ಲಿಗೆ ಹೋಯ್ತು? ಕಳೆದ ಶತಮಾನದ ಭಾರೀ ಎಲ್ ನಿನೋ ಅದು. ದೇಶದ ಮುಂಗಾರು ಮಾತ್ರ ವಾಡಿಕೆಗಿಂತ ತುಸು ಜಾಸ್ತಿಯೇ ಸುರಿಯಿತು. 2002ರದ್ದು ಅಷ್ಟೇನೂ ಜೋರಿರಲಿಲ್ಲ, ಆದರೆ ಮಳೆ ಸುಮಾರು ಶೇ. 19 ಖೋತಾ!

ಸೊಪ್ಪಿನ ಸಾರು: ಅಂದ್ರೆ ಸುಮ್ನೆ ಹೆದರಿಸ್ತಾರೆ ಅನ್ನಿ.

ಭೂಗೋಳ ಮೇಷ್ಟ್ರು: ಹೆದರಿಕೆಗೆ ಕಾರಣ ಇದೆ. ಪೆಸಿಫಿಕ್‌ನಲ್ಲಿ ಪೂರ್ವದ ಗಾಳಿ ಬಿಸಿನೀರನ್ನು ಇಂಡೋನೇಷ್ಯಾ ಕಡೆಗೆ ತಳ್ಳುತ್ತಲೇ ಇರುತ್ತದೆ. ಅಲ್ಲಿ ಸಮುದ್ರಮಟ್ಟವೇ ದಕ್ಷಿಣ ಅಮೆರಿಕದ ಕರಾವಳಿಗಿಂತ ಸುಮಾರು ಅರ್ಧ ಮೀಟರ್ ಎತ್ತರ. ಎಲ್ ನಿನೋ ಬಂದಾಗ ಈ ಗಾಳಿ ಸೋಲುತ್ತದೆ. ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ, ಮೋಡ ಕಟ್ಟುವ ಜಾಗವೂ ಅದರ ಜೊತೆಗೇ ಹೋಗುತ್ತದೆ. ಅಲ್ಲಿ ಮೇಲೆದ್ದ ಗಾಳಿ ಎಲ್ಲಾದರೂ ಇಳಿಯಲೇಬೇಕಲ್ವಾ? ನಮ್ಮ ತಲೆ ಮೇಲೆ ಇಳಿದರೆ ಮೋಡ ಬೆಳೆಯುವುದಿಲ್ಲ. ಬಿಸಿನೀರು ಪೆಸಿಫಿಕ್ ನಡುವೆಯೇ ನಿಂತರೆ ನಮಗೆ ಏಟು ಜಾಸ್ತಿ. 1997ರಲ್ಲಿ ಅದು ಪೆರು ತನಕ ಹೋಗಿತ್ತು.

ಕಡಲತಡಿ: ಹಿಂದೂ ಮಹಾಸಾಗರವನ್ನು ಬಿಟ್ಟೇಬಿಟ್ರಲ್ಲ! ಆಫ್ರಿಕಾ ಕಡೆ ಬಿಸಿ, ಸುಮಾತ್ರಾ ಕಡೆ ತಂಪು ಆದರೆ ಐಒಡಿ (ಈ ಸಾಗರದ ಎರಡು ಬದಿಯ ಬಿಸಿ-ತಂಪಿನ ವ್ಯತ್ಯಾಸ) ಪಾಸಿಟಿವ್ ಅಂತಾರೆ. ನಮ್ಮ ಮುಂಗಾರಿಗೆ ಸಾಮಾನ್ಯವಾಗಿ ಅದು ಒಳ್ಳೆಯದು. 1997ರಲ್ಲೂ 2019ರಲ್ಲೂ ಹಾಗೇ ಇತ್ತು.

ಮಳೆಹುಚ್ಚ: 2023ರಲ್ಲೂ ಇತ್ತು. ಆದರೂ ಆ ವರ್ಷದ್ದು 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್.

ಕಡಲತಡಿ: ಆ ಸಲ ಐಒಡಿ ಬಲಿತದ್ದೇ ತಡವಾಗಿ. ಸೆಪ್ಟೆಂಬರ್ ಮಳೆ ನೋಡಿ. ದೇಶದ ಲೆಕ್ಕ ಕೊನೆಗೆ ವಾಡಿಕೆ ಮಳೆಯ ಶೇ. 94ಕ್ಕೆ ಬಂತು.

ಚಳ್ಳಕೆರೆ ಶೇಂಗಾ: ಆ 94 ತಗೊಂಡು ನಾನೇನ್ ಮಾಡ್ಲಿ? ಆ ವರ್ಷ ಕರ್ನಾಟಕದ 236 ತಾಲ್ಲೂಕಲ್ಲಿ 223 ಬರಪೀಡಿತ. ಶೇಂಗಾ ಹೂ ಬಿಟ್ಟ ಮೇಲೆ ಕಾಯಿ ಕಟ್ಟುವ ಅದರ ಮೊನೆ ಮಣ್ಣಿಗೆ ಇಳಿಯಬೇಕು. ಆಗಸ್ಟಲ್ಲಿ ನೆಲ ಗಟ್ಟಿಯಾದ್ರೆ ಮೊನೆ ಹೊರಗೇ ಒಣಗುತ್ತೆ. ಸೆಪ್ಟೆಂಬರ್ ಮಳೆಗೆ ಬಳ್ಳಿ ಹಸಿರಾಗುತ್ತೆ ಅಷ್ಟೇ, ಕಾಯಿ ಇರಲ್ಲ.

ಭೂಗೋಳ ಮೇಷ್ಟ್ರು: ಹಾಗಾದ್ರೆ ನೀವು ಎಂಜೆಒ ಮೇಲೂ ಕಣ್ಣಿಡಿ. ಸಮಭಾಜಕದ ಗುಂಟ 30ರಿಂದ 60 ದಿನಕ್ಕೊಮ್ಮೆ ಪೂರ್ವಕ್ಕೆ ಸಾಗುವ ಮೋಡದ ಅಲೆ ಅದು. ಮುಂಗಾರು ನಡುವೆ ಬಿಡುವು ಕೊಡುವುದರಲ್ಲಿ ಅದರದ್ದೂ ಕೈ ಇದೆ. ಎರಡು ವಾರ ಮೊದಲೇ ಸುಳಿವು ಸಿಕ್ಕರೆ ಕೃಷಿ ಹೊಂಡದ ನೀರನ್ನು ಹೂ ಬಿಡುವ ಹೊತ್ತಿಗೆ ಉಳಿಸಿಕೊಳ್ಳಬಹುದು.

ಚಳ್ಳಕೆರೆ ಶೇಂಗಾ: ಹೊಂಡ ಇರೋರಿಗೆ ಸರಿ ಮೇಷ್ಟ್ರೇ. ನಾನು ಈ ಸಲ ಅರ್ಧ ಹೊಲಕ್ಕೆ ನವಣೆ ಹಾಕ್ತೀನಿ.